ಪರಸೀಮೆಯ ಪಾಠಶಾಲೆಯೂ ಉಪಾಧ್ಯಾಯನ ನೆಲೆಯೂ

ವಿದ್ಯೆಗೆ ಸೀಮೆಯಿಲ್ಲವೆಂಬುದು ಎಲ್ಲರೂ ಒಪ್ಪಿಬಂದ ಮಾತು. ಆದರೆ ವಿದ್ಯೆಯನ್ನು ಹೇಳಿಕೊಡುವವನಿಗೆ ಸೀಮೆಯುಂಟು. ಅವನಾಡುವ ನುಡಿಗೆ, ಉಣ್ಣುವ ಅನ್ನಕ್ಕೆ, ತಿಂಗಳ ಕೊನೆಗೆ ಊರಿನ ತಾಯಿತಂದೆಗಳಿಗೆ ಕಳುಹಬೇಕಾದ ಹಣಕ್ಕೆ ಸೀಮೆಯುಂಟು. ಸ್ವಂತ ಜಿಲ್ಲೆಯಲ್ಲಿ ಕೆಲಸ ದೊರೆಯದೆ ಪರಜಿಲ್ಲೆಯ ಖಾಸಗಿ ಶಾಲೆಯನ್ನು ಅರಸಿ ಹೊರಡುವ ತರುಣ ಉಪಾಧ್ಯಾಯರ ಸಂಗತಿಯನ್ನು ವಿಚಾರಿಸುವಾಗ ಈ ಎರಡನೆಯ ಮಾತನ್ನು ಮರೆಯಲಾಗದು.

ಬಂಟ್ವಾಳ ತಾಲೂಕಿನ ಮೆಲ್ಕಾರ್ ಮಂಗಳೂರು–ಬೆಂಗಳೂರು ಹೆದ್ದಾರಿಯ ಮೇಲಣ ಒಂದು ಕೂಡುರಸ್ತೆ. ಪಾಣೆಮಂಗಳೂರಿಗೆ ಸಮೀಪದ ಈ ಸ್ಥಳದಿಂದ ಹೆದ್ದಾರಿಯು ಕಲ್ಲಡ್ಕದತ್ತ ಸಾಗಿದರೆ, ಇನ್ನೊಂದು ದಾರಿ ಮುಡಿಪು, ಕೊಣಾಜೆಗಳತ್ತ ತಿರುಗುತ್ತದೆ. ಬಯಲುಸೀಮೆಯ ಉಪಾಧ್ಯಾಯನು ಹಾಸಿಗೆ ಪೆಟ್ಟಿಗೆಗಳೊಡನೆ ಇಲ್ಲಿ ಬಸ್ಸಿನಿಂದಿಳಿಯುವ ಕಾಲವೂ ಮುಂಗಾರು ಕರಾವಳಿಯನ್ನು ಮುಟ್ಟುವ ಕಾಲವೂ ಬಹುಮಟ್ಟಿಗೆ ಒಂದೇ. ಮಳೆಗಾಗಿ ಆಕಾಶವನ್ನು ನೋಡುತ್ತಿದ್ದ ನಾಡಿನಿಂದ ಬಂದವನಿಗೆ ಬಟ್ಟೆ ಒಣಗದಿರುವುದೇ ಮೊದಲ ಪಾಠ. ಜೋಳದ ರೊಟ್ಟಿಯ ಸ್ಥಾನದಲ್ಲಿ ಕುಚ್ಚಲಕ್ಕಿಯ ಅನ್ನ ಎರಡನೆಯ ಪಾಠ. ಇವೆರಡನ್ನೂ ಅವನು ಒಂದು ಮಳೆಗಾಲದಲ್ಲಿ ಕಲಿತುಬಿಡುತ್ತಾನೆ. ಮೂರನೆಯದು ಮಾತ್ರ ಭಾಷೆಯ ಪಾಠ.

ಇಲ್ಲಿಯ ಬಹುಮಂದಿ ಮಕ್ಕಳ ಮನೆಮಾತು ತುಳು. ಕೊಂಕಣಿ, ಬ್ಯಾರಿ ನುಡಿಗಳ ಮಕ್ಕಳೂ ಉಂಟು. ಅವರಿಗೆ ಕನ್ನಡವು ಶಾಲೆಯಲ್ಲಿ ಕಲಿತ ಭಾಷೆಯಾದುದರಿಂದ ಅವರ ಮಾತು ಗ್ರಂಥಸ್ಥ ಭಾಷೆಗೆ ಹತ್ತಿರವಾಗಿರುತ್ತದೆ. ವಿಜಯಪುರದ ಉಪಾಧ್ಯಾಯನು ತನ್ನೂರಿನ ಧಾಟಿಯಲ್ಲಿ ಮಾತನಾಡಿದರೆ ತರಗತಿ ನಗುವುದೂ ಉಂಟು. ಆದರೆ ಇದೇ ತರಗತಿಯಲ್ಲಿ ಹಳಗನ್ನಡ ವ್ಯಾಕರಣವನ್ನು ಬೋಧಿಸುವವನಿಗೆ ಬೇರೆಲ್ಲಿಯೂ ಸಿಗದ ಒಂದು ಅನುಕೂಲ ಕಾದಿರುತ್ತದೆ. ಹಳಗನ್ನಡದ ‘ಪುಲಿ’ ಹೊಸಗನ್ನಡದಲ್ಲಿ ‘ಹುಲಿ’ಯಾದ ಬಗೆಯನ್ನು ಇತರ ಕಡೆಯ ಮಕ್ಕಳು ಬಾಯಿಪಾಠ ಮಾಡಬೇಕು. ‘ಪಿಲಿ’ ಎನ್ನುತ್ತ ಬೆಳೆದ ತುಳುವ ಬಾಲಕನಿಗಾದರೋ ಆ ಪಕಾರ ಮನೆಯ ಸೊತ್ತು. ‘ಪೂ’ ಎಂಬುದೂ ಹಾಗೆಯೇ. ಇದನ್ನು ಕಂಡುಕೊಳ್ಳಬೇಕಾದರೆ ಉಪಾಧ್ಯಾಯನು ಮಕ್ಕಳ ಮನೆಮಾತಿಗೆ ಕಿವಿಗೊಡಬೇಕು. ಅದಕ್ಕೆ ಒಂದೆರಡು ವರ್ಷಗಳಾದರೂ ಅಲ್ಲಿ ನಿಲ್ಲಬೇಕು.

ನಿಂತವರಿಂದ ಏನಾಗುತ್ತದೆಂಬುದಕ್ಕೆ ಬಂಟ್ವಾಳದಲ್ಲಿಯೇ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಸಾಕ್ಷಿ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದು, ಕೊಡಗು ಪ್ರತ್ಯೇಕ ಆಡಳಿತದಲ್ಲಿದ್ದ ಆ ಕಾಲದಲ್ಲಿ ಅವರು ಗಡಿಯನ್ನು ದಾಟಿ ಮಡಿಕೇರಿಯಲ್ಲಿ ಉಪಾಧ್ಯಾಯವೃತ್ತಿಯನ್ನು ಕೈಕೊಂಡರು. ಕೊಡಗಿನ ಹಬ್ಬದ ಮೇಲೆ ಅವರು ರಚಿಸಿದ ‘ಹುತ್ತರಿ ಹಾಡು’ ಕೊಡವರ ನಾಡಿಗೇ ಸೇರಿದ ಹಾಡಾಯಿತು. ಪರಸೀಮೆಯಿಂದ ಬಂದ ಉಪಾಧ್ಯಾಯನು ಆ ಸೀಮೆಗೆ ಕೊಡಬಹುದಾದ ಕಾಣಿಕೆ ಇದಕ್ಕಿಂತ ದೊಡ್ಡದಿಲ್ಲ. ಆದರೆ ಪಂಜೆಯವರದು ಸರಕಾರಿ ವಿದ್ಯಾಖಾತೆಯ ಕೆಲಸವಾಗಿತ್ತೆಂಬುದನ್ನೂ ಗಮನಿಸಬೇಕು. ಬರುವ ಜೂನ್ ತಿಂಗಳಲ್ಲಿ ತನಗೆ ಕೆಲಸವುಂಟೋ ಇಲ್ಲವೋ ಎಂದು ಮಾರ್ಚ್ ತಿಂಗಳಿನಿಂದಲೇ ಚಿಂತಿಸುವವನ ಬಾಯಲ್ಲಿ ಯಾವ ನಾಡಿನ ಹಾಡೂ ಹುಟ್ಟದು.

ಖಾಸಗಿ ಶಾಲೆಗಳ ಸಂಕಟವಿರುವುದು ಇಲ್ಲಿಯೇ. ಹತ್ತು ತಿಂಗಳಿಗೆ ನೇಮಿಸಿ ಬೇಸಿಗೆಯಲ್ಲಿ ಬಿಡುಗಡೆ ಮಾಡುವುದು, ನೇಮಕದ ಆಜ್ಞೆಯನ್ನು ಬರಹದಲ್ಲಿ ಕೊಡದಿರುವುದು, ಮೂಲ ಪ್ರಮಾಣಪತ್ರಗಳನ್ನು ಕಪಾಟಿನಲ್ಲಿರಿಸಿಕೊಳ್ಳುವುದು ಕೆಲವೆಡೆ ವಾಡಿಕೆಯಾಗಿಬಿಟ್ಟಿದೆ. ಸಂಸ್ಥೆಗಳಿಗೂ ಹೇಳಿಕೊಳ್ಳಲು ಮಾತುಂಟು: ಸರಕಾರಿ ನೇಮಕ ಬಂದೊಡನೆ ಉಪಾಧ್ಯಾಯನು ನಡುವರ್ಷದಲ್ಲಿಯೇ ಹೊರಟುಹೋಗುತ್ತಾನೆ, ಮಕ್ಕಳು ಕೆಡುತ್ತಾರೆ. ದೂರು ನಿಜವೇ. ಆದರೆ ನೆಲೆ ಕೊಡದವನು ನಿಲ್ಲಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯು 1995ರಲ್ಲಿ ಜಾರಿಗೆ ಬಂದಿತು. ಅದರ ವ್ಯಾಪ್ತಿಗೆ ಬರುವ ಖಾಸಗಿ ಶಾಲೆಗಳಲ್ಲಿ ವಿಚಾರಣೆಯಿಲ್ಲದೆ ಉಪಾಧ್ಯಾಯನನ್ನು ವಜಾ ಮಾಡುವಂತಿಲ್ಲ, ಮೇಲ್ಮನವಿಗೆ ನ್ಯಾಯಮಂಡಳಿಯುಂಟು. ಉಪದಾನದ ಕಾನೂನಿಗೆ ಉಪಾಧ್ಯಾಯರು ಸೇರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಹೇಳಿದಾಗ, ಸಂಸತ್ತು 2009ರಲ್ಲಿ ತಿದ್ದುಪಡಿ ತಂದು 1997ರಿಂದಲೇ ಅನ್ವಯವಾಗುವಂತೆ ಅವರನ್ನು ಸೇರಿಸಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದಾಗ ಅದೇ ನ್ಯಾಯಾಲಯವು 2022ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಪರವೂರಿನಲ್ಲಿ ಒಬ್ಬಂಟಿಯಾಗಿ, ಕೊಠಡಿಯ ಬಾಡಿಗೆಗೂ ಲೆಕ್ಕ ಹಾಕುವ ತರುಣನು ನ್ಯಾಯಮಂಡಳಿಯ ಮೆಟ್ಟಿಲೇರುವುದು ಅಪರೂಪ. ಆದುದರಿಂದ ಕಾನೂನಿಗಿಂತ ಮೊದಲು ಸಂಸ್ಥೆಯ ಅಂತಃಕರಣವೇ ಎಚ್ಚರಗೊಳ್ಳಬೇಕು.

ಶರಣಧರ್ಮವನ್ನು ನಂಬಿದ ಸಂಸ್ಥೆಗಳಿಗೆ ಇದು ಹೊಸ ಮಾತಲ್ಲ. ಸೌರಾಷ್ಟ್ರದಿಂದ ಆದಯ್ಯನೂ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನೂ ಕನ್ನಡನಾಡಿಗೆ ಬಂದರೆಂದು ಪರಂಪರೆ ಹೇಳುತ್ತದೆ. ಅವರನ್ನು ಯಾರೂ ಪರಸೀಮೆಯವರೆಂದು ಎಣಿಸಲಿಲ್ಲ. ಪತಿಯು ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದುತಂದಾಗ ಆಯ್ದಕ್ಕಿ ಲಕ್ಕಮ್ಮನು ಅದನ್ನು ಮರಳಿ ಸುರಿದುಬರಹೇಳಿದಳು. ಸಲ್ಲುವುದಕ್ಕಿಂತ ಹೆಚ್ಚು ತರುವುದೇ ತಪ್ಪಾದರೆ, ಸಲ್ಲಬೇಕಾದುದನ್ನು ಹಿಡಿದಿರಿಸುವುದು ಹೇಗೆ ಸರಿಯಾದೀತು? ಅಲ್ಪವೇತನವನ್ನು ‘ಸೇವೆ’ಯೆಂದು, ‘ದಾಸೋಹ’ವೆಂದು ಹೇಳಿ ಸಮಾಧಾನಪಡಿಸುವ ಮಾತು ಆಗಾಗ ಕೇಳಿಬರುತ್ತದೆ. ದಾಸೋಹವು ಕಾಯಕದಿಂದ ಬಂದುದನ್ನು ತಾನಾಗಿ ಸಮರ್ಪಿಸುವುದು. ಒಬ್ಬನ ಕಾಯಕದ ಫಲವನ್ನು ಮತ್ತೊಬ್ಬನು ಕಳೆದುಕೊಟ್ಟರೆ ಅದು ದಾಸೋಹವಾಗದು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳುಮಂದಿ ಉಪಾಧ್ಯಾಯರು ತ್ಯಾಗಿಗಳೆನಿಸಿದುದು ತಾವಾಗಿ ಬಿಟ್ಟುಕೊಟ್ಟುದರಿಂದ. ಅವರ ತ್ಯಾಗವನ್ನು ಇನ್ನೊಬ್ಬನ ಸಂಬಳಪಟ್ಟಿಗೆ ಬರೆಯಬಾರದು.

ಪರಸೀಮೆಗೆ ಹೊರಟ ಉಪಾಧ್ಯಾಯನ ಹೊಣೆಯೂ ಹಗುರವಲ್ಲ. ಆಜ್ಞಾಪತ್ರವನ್ನು ಕೈಯಲ್ಲಿ ಪಡೆದ ಮೇಲೆಯೇ ಅವನು ಊರು ಬಿಡಲಿ. ಮೂಲಪತ್ರಗಳ ಬದಲು ಪ್ರತಿಗಳನ್ನು ಕೊಡಲಿ. ಕೈಹಿಡಿದ ಶಾಲಾವರ್ಷವನ್ನು ನಡುವೆ ಕೈಬಿಡದಿರಲಿ. ಸಂಸ್ಥೆಯಾದರೋ ಹನ್ನೆರಡು ತಿಂಗಳ ಸಂಬಳವನ್ನೂ, ಮಳೆ ಸೋರದ ಒಂದು ಕೊಠಡಿಯನ್ನೂ, ಬರುವ ವರ್ಷದ ಭರವಸೆಯನ್ನೂ ಕೊಡಲಿ. ಮೆಲ್ಕಾರಿನಲ್ಲಿ ಬಸ್ಸಿನಿಂದಿಳಿದ ಪರವೂರಿನವನು ನಾಲ್ಕಾರು ಮಳೆಗಾಲಗಳನ್ನು ಕಂಡು, ‘ಪಿಲಿ’ಯಿಂದ ‘ಪುಲಿ’ಯನ್ನು ತಿಳಿಸಬಲ್ಲ ‘ನಮ್ಮ ಮಾಸ್ಟ್ರು’ ಆದಾಗ, ಲಾಭವಾಗುವುದು ಅವನೊಬ್ಬನಿಗಲ್ಲ, ಆ ಊರಿನ ಮಕ್ಕಳಿಗೆ.