ಯಾರ ಕಾಲ ಸ್ವಾಮಿ ಅದು?

ಹುಟ್ಟಿನಿಂದ ಎಲ್ಲ ಮನುಷ್ಯರೂ ಸಮಾನರು ಅಂತ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದವನು ಥಾಮಸ್ ಜೆಫರ್ಸನ್. ನಾವು ಇದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಅವನ ಹೊಲ ಉತ್ತವರು ಯಾರು, ಒಲೆ ಹಚ್ಚಿದವರು ಯಾರು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ನಾವೇ ಹುಡುಕಿ ಓದಬೇಕಾಯ್ತು.

ವರ್ಜೀನಿಯಾದ ಈ ಜಮೀನ್ದಾರ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಮಾಂಟಿಚೆಲ್ಲೊ ಗುಡ್ಡದ ಅವನ ಕಾರ್ಖಾನೆಯಲ್ಲಿ ಹತ್ತು ಹನ್ನೆರಡು ವರ್ಷದ ಕಪ್ಪು ಹುಡುಗರು ಮೊಳೆ ಬಡಿಯುತ್ತಿದ್ದರು. ಸ್ಯಾಲಿ ಹೆಮಿಂಗ್ಸ್ ಅವನ ಹೆಂಡತಿಗೆ ಮಲತಂಗಿ, ಒಂದೇ ತಂದೆಯ ಮಗಳು. ಆದರೂ ಅದೇ ಮನೆಯ ಗುಲಾಮಳು. ಅವಳ ಮಕ್ಕಳಿಗೆ ಜೆಫರ್ಸನ್ನೇ ತಂದೆ ಅಂತ ಮಗ ಮ್ಯಾಡಿಸನ್ 1873ರಲ್ಲಿ ಪತ್ರಿಕೆಯಲ್ಲಿ ಹೇಳಿದ. ಬಿಳಿಯ ಪಂಡಿತರು ನಂಬಲಿಲ್ಲ. 1998ರಲ್ಲಿ ಡಿಎನ್‌ಎ ಪರೀಕ್ಷೆ ಅವನ ಮಾತನ್ನೇ ಎತ್ತಿಹಿಡಿಯಿತು. ಗುಲಾಮಳ ಮಗನ ಮಾತಿಗೆ ಬೆಲೆ ಬರಲು 125 ವರ್ಷ!

ಆಫ್ರಿಕಾದಿಂದ ಎಳೆತಂದ ಹುಡುಗಿ ಫಿಲಿಸ್ ವೀಟ್ಲಿ 1773ರಲ್ಲಿ ಕವನ ಸಂಕಲನ ತಂದಳು. ಅವಳು ಕವಿಯೇ ಅಲ್ಲ, ವಿಮರ್ಶೆಗೂ ಯೋಗ್ಯಳಲ್ಲ ಎಂದು ಜೆಫರ್ಸನ್ ತೀರ್ಪು ಕೊಟ್ಟ. ನಾವೂ ಪದ್ಯ ಬರೆಯುವವರು. ಈ ದನಿ ನಮಗೆ ಚೆನ್ನಾಗಿ ಗೊತ್ತು.

‘ಆ ಕಾಲವೇ ಹಾಗಿತ್ತು, ಏನ್ಮಾಡೋದು’ ಅನ್ನುವವರಿದ್ದಾರೆ. ಯಾರ ಕಾಲ ಸ್ವಾಮಿ ಅದು? 1782ರಲ್ಲೇ ವರ್ಜೀನಿಯಾದ ಕಾನೂನು ಒಡೆಯರಿಗೆ ಗುಲಾಮರನ್ನು ಬಿಡುಗಡೆ ಮಾಡಲು ದಾರಿ ಕೊಟ್ಟಿತ್ತು. 1791ರಲ್ಲಿ ಅಲ್ಲಿಯವನೇ ಆದ ರಾಬರ್ಟ್ ಕಾರ್ಟರ್ 450ಕ್ಕೂ ಹೆಚ್ಚು ಗುಲಾಮರ ಬಿಡುಗಡೆಗೆ ಪತ್ರ ಬರೆದುಕೊಟ್ಟ. ಅದೇ ವರ್ಷ ಬೆಂಜಮಿನ್ ಬ್ಯಾನೆಕರ್ ಎಂಬ ಸ್ವತಂತ್ರ ಕಪ್ಪು ಮನುಷ್ಯ ತಾನೇ ಲೆಕ್ಕಹಾಕಿದ ಪಂಚಾಂಗವನ್ನು ಜೆಫರ್ಸನ್ನನಿಗೆ ಕಳಿಸಿ, ನೀವು ಬರೆದದ್ದೇನು, ಮಾಡುತ್ತಿರುವುದೇನು ಅಂತ ಕೇಳಿದ. ವಿನಯದ ಉತ್ತರ ಬಂತು. ಗುಲಾಮರು ಗುಲಾಮರಾಗೇ ಉಳಿದರು. ಬ್ಯಾನೆಕರನದೂ ಅದೇ ಕಾಲ ಅಲ್ವೇನ್ರೀ?

1826ರ ಜುಲೈ 4ರಂದು ಜೆಫರ್ಸನ್ ಸತ್ತ. ಉಯಿಲಿನಲ್ಲಿ ಬಿಡುಗಡೆ ಸಿಕ್ಕಿದ್ದು ಐದೇ ಜನಕ್ಕೆ. ಅವನ ಸಾಲ ತೀರಿಸಲು 1827ರ ಜನವರಿಯಲ್ಲಿ 130 ಜನರನ್ನು ಹರಾಜಿಗಿಟ್ಟರು. ಬಿಡುಗಡೆಯ ಪಟ್ಟಿಯಲ್ಲಿ ಕಮ್ಮಾರ ಜೋಸೆಫ್ ಫಾಸೆಟ್ ಇದ್ದ. ಅವನ ಹೆಂಡತಿ ಈಡಿತ್, ಜೆಫರ್ಸನ್ನನಿಗೆ ವರ್ಷಗಟ್ಟಲೆ ಅಡುಗೆ ಮಾಡಿ ಬಡಿಸಿದವಳು, ಮಕ್ಕಳ ಸಮೇತ ಹರಾಜಾದಳು. ಗಂಡನಿಗೆ ಸ್ವಾತಂತ್ರ್ಯ, ಹೆಂಡತಿ ಮಕ್ಕಳಿಗೆ ಸವಾಲು ಕೂಗು. ಸಮಾನತೆ ಬರೆದವನ ಮನೆಲೆಕ್ಕ ಇದು.

ಹಾಗಾದರೆ ಅವನು ಬರೆದ ಮಾತನ್ನೂ ಎಸೆಯೋಣವೇ? ಬೇಡ ಗೆಳೆಯರೇ. ಆ ಮಾತನ್ನು ಬ್ಯಾನೆಕರ್ ಅವನ ಮುಖಕ್ಕೇ ಹಿಡಿದ. ನಿಮ್ಮ ಜುಲೈ 4 ಗುಲಾಮನಿಗೆ ಯಾವ ಹಬ್ಬ ಅಂತ 1852ರಲ್ಲಿ ಫ್ರೆಡರಿಕ್ ಡಗ್ಲಸ್ ಕೇಳಿದ. ಮಾತು ಈಗ ಅವರದು. ಮ್ಯಾಡಿಸನ್ ಬಾಯಿಬಿಟ್ಟ ಅದೇ 1873ರಲ್ಲಿ ನಮ್ಮ ಜೋತಿಬಾ ಫುಲೆ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಯಾವ ಧಣಿಗೂ ಅಲ್ಲ, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ.

ಮೇಷ್ಟ್ರುಗಳೇ, ಬೋರ್ಡಿನ ಮೇಲೆ ಜೆಫರ್ಸನ್ ಅಂತ ಬರೆದಾಗ ಪಕ್ಕದಲ್ಲೇ ಈಡಿತ್ ಫಾಸೆಟ್ ಅಂತಲೂ ಬರೆಯಿರಿ. ಮಕ್ಕಳು ಕೇಳುತ್ತಾರೆ. ಹೇಳಿ.