ಫೋನೇ ಸಾಕಂತೆ!

ಅಕ್ಕಂದಿರಾ, ನಮ್ಮ ಹೈದ ವಿನ್‌ಲೇಟರ್ ಹಾಕ್ಕೊಂಡು ಕಂಪ್ಯೂಟರಿನ ಹಳೇ ಆಟ ಫೋನಲ್ಲೇ ಆಡ್ತಾನೆ. ಅದ್ನ ನೋಡಿ ಮನೆಯೋರು, "ಫೋನೇ ಕಂಪ್ಯೂಟ್ರಾಯ್ತಲ್ಲ, ಮಗಳಿಗೆ ಲ್ಯಾಪ್‌ಟಾಪ್ ಯಾಕೆ?" ಅಂತವ್ರೆ.

ಯಾಕಾ? ವಿಂಡೋಸ್ ಮಾತ್ನ ವೈನ್ ಅನ್ನೋದು ತಿರುಗಿಸಿ ಹೇಳ್ಬೇಕು (ಹೆಸರಷ್ಟೇ, ಹೆಂಡ ಅಲ್ಲ ಕಣ್ರವ್ವ). ಇಂಟೆಲ್ ಚಿಪ್ಪಿನ ಅಪ್ಪಣೇನ ಬಾಕ್ಸ್64 ಫೋನಿನ ಚಿಪ್ಪಿಗೆ ತಿಳಿಯಂಗೆ ಮಾಡ್ಬೇಕು. ಇಬ್ಬರು ದುಬಾಸಿಗಳ್ನ ಸಾಕೋ ಹೊತ್ಗೆ ಫೋನು ರೊಟ್ಟಿ ಹಂಚಿನಂಗೆ ಕಾಯ್ತದೆ, ಬ್ಯಾಟರಿ ಇಳೀತದೆ.

ಆಟ ನಿಂತ್ರೆ ಅವನು ನಗ್ತಾನೆ. ಅವಳ ಪ್ರಾಜೆಕ್ಟು ಅರ್ಧಕ್ಕೇ ನಿಂತ್ರೆ? ಅಂಗೈಯಗಲದ ಪರದೇಲಿ ದಿನಾ ಟೈಪ್ ಮಾಡಿ ಹೋಗೋದು ಯಾರ ಕಣ್ಣು?

ಹೈದ ಜಾಣನೇ, ಬೈಯಲ್ಲ. ಅವನಾಟ ತೋರ್ಸಿ ಅವಳ ಓದಿಗೆ ಅಡ್ಡ ಹಾಕೋದು ಯಾವ ನ್ಯಾಯ? ಹುಳಕ್ಕೆ ಸೊಪ್ಪು ಹಾಕಿ ನಿದ್ದೆಗೆಟ್ಟೋಳು ನಾನು. ರಾಮನಗರದ ಮಾರ್ಕೆಟ್ಟಿಂದ ಈ ಬೆಳೆ ಗೂಡಿನ ದುಡ್ಡು ಬರ್ಲಿ, ಮೊದ್ಲು ಲ್ಯಾಪ್‌ಟಾಪೇ.