ಮುತ್ತೈದೆಯರ ಪಟ್ಟಿಯೂ ಮಂಡೋದರಿಯ ಕಡಲೂ

ಸ್ಮರಣ ಸಂಚಿಕೆಯಲ್ಲಿ ವಾದವಿವಾದಕ್ಕೆ ಎಡೆಯಿರಬಾರದೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಮರ್ಯಾದೆ. ಗಣ್ಯರ ಸಂದೇಶ, ಗತಿಸಿದವರಿಗೆ ನುಡಿನಮನ, ನಾಲ್ಕಾರು ಕವಿತೆ, ಉಳಿದ ಪುಟಗಳಿಗೆ ಜವಳಿ ಅಂಗಡಿಗಳ ಜಾಹೀರಾತು. ಇಷ್ಟಾದರೆ ಸಂಚಿಕೆ ಸಿದ್ಧ. ಈ ಬಾರಿ ಆ ಮರ್ಯಾದೆಯನ್ನು ಮೀರುವುದು ನನಗೆ ಅನಿವಾರ್ಯವಾಗಿದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡಿಗರು ನಡೆಸುವ ಸಮಾರಂಭಗಳ ಆಮಂತ್ರಣ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವ ಒಂದು ಸಾಲಿನ ಮೇಲೆ ನನ್ನ ಆಕ್ಷೇಪಣೆ. "ಸುಮಂಗಲಿಯರಿಂದ ಪೂರ್ಣಕುಂಭ ಸ್ವಾಗತ" ಎಂಬುದೇ ಆ ಸಾಲು.

ನೋಡಲು ನಿರಪಾಯವಾದ ಸಾಲು. ಆದರೆ ಅದರ ಅರ್ಥವನ್ನು ಬಿಡಿಸಿ ನೋಡಬೇಕು. ಸಭೆಗೆ ಬರುವ ಸ್ತ್ರೀಯರಲ್ಲಿ ಗಂಡ ಬದುಕಿರುವವರು ಮುಂದೆ ಬರಲಿ, ಗಂಡ ತೀರಿಹೋದವರು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ ಎಂದು ಅಧ್ಯಕ್ಷರೂ ಕಾರ್ಯದರ್ಶಿಗಳೂ ಸಹಿ ಹಾಕಿ ಸಾರುತ್ತಾರೆ. ಹೆಂಡತಿಯನ್ನು ಕಳೆದುಕೊಂಡ ಗಂಡಸಿಗೆ ಇಂತಹ ವಿಂಗಡಣೆ ಇಲ್ಲ. ಅವನು ದೀಪ ಬೆಳಗುತ್ತಾನೆ, ಅಧ್ಯಕ್ಷ ಭಾಷಣ ಮಾಡುತ್ತಾನೆ, ವಧೂವರರಿಗೆ ಅಕ್ಷತೆ ಹಾಕುತ್ತಾನೆ. 'ವಿಧುರ' ಎಂಬ ಶಬ್ದ ನಿಘಂಟಿನಲ್ಲಿದೆ; ಅದನ್ನು ಬೈಗುಳವಾಗಿ ಬಳಸಿದವರನ್ನು ನಾನು ಕಂಡಿಲ್ಲ. ವಿಧವೆಗೆ ನಮ್ಮ ಆಡುಮಾತಿನಲ್ಲಿರುವ ಶಬ್ದವೋ ಬೈಗುಳವಲ್ಲದೆ ಬೇರೇನೂ ಅಲ್ಲ. ಈ ಸಂಚಿಕೆಯಲ್ಲಿ ಅದನ್ನು ಬರೆಯಲಾರೆ. 2011ರ ಜನಗಣತಿಯ ಪ್ರಕಾರ ಈ ದೇಶದ ವಿಧವೆಯರ ಸಂಖ್ಯೆ ನಾಲ್ಕು ಕೋಟಿಯನ್ನು ಮೀರಿದೆ. ವಿಧುರರ ಸಂಖ್ಯೆ ಅದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಅಮಂಗಳವೆಂಬ ಹಣೆಪಟ್ಟಿ ಅಂಟಿರುವುದು ಈ ಹೆಚ್ಚಿನ ಪಾಲಿಗೆ ಮಾತ್ರ.

ನಮ್ಮ ದೇವಾಂಗ ಬಂಧುಗಳ ಕೇರಿಗಳಲ್ಲಿ, ಸಿರುಮುಗೈಯಂತಹ ನೇಕಾರಿಕೆಯ ಊರುಗಳಲ್ಲಿ, ವಿಧವೆಯರು ರಾಟೆಯ ಮುಂದೆ ಕುಳಿತು ನೂಲು ಸುತ್ತುವುದನ್ನು ಎಲ್ಲರೂ ಬಲ್ಲರು. ಧಾರೆಸೀರೆಯ ನೂಲನ್ನು ಸುತ್ತುವ ಕೈ ವಿಧವೆಯದಾದರೆ ದೋಷವಿಲ್ಲ. ಅದೇ ಸೀರೆಯನ್ನು ಮದುಮಗಳಿಗೆ ಎತ್ತಿಕೊಡುವ ಕೈ ಮಾತ್ರ ಮುತ್ತೈದೆಯದೇ ಆಗಬೇಕು! ಈ ಶಾಸ್ತ್ರದ ತರ್ಕವನ್ನು ಯಾರಾದರೂ ಪಂಡಿತರು ವಿವರಿಸಿದರೆ ಕೇಳಲು ಸಿದ್ಧನಿದ್ದೇನೆ.

ಆದರೆ ಕಲಶವೊಂದೇ ನನ್ನ ದೂರಲ್ಲ. ಕುಂಕುಮ, ಬಳೆ, ಹೂವುಗಳ ಜೊತೆಗೆ ನಾವು ವಿಧವೆಯಿಂದ ಇನ್ನೊಂದನ್ನೂ ಕಿತ್ತುಕೊಳ್ಳುತ್ತಿದ್ದೇವೆ. ಅದು ಅವಳ ನೆನಪು.

ನಮ್ಮ ಬಳಗದಲ್ಲಿ ಒಬ್ಬ ತಾಯಿ ಇದ್ದಾರೆ. ತವರು ಮಲ್ಪೆಯ ಕಡೆ. ಪತಿ ಹೋಟೆಲ್ ಕೆಲಸಕ್ಕೆಂದು ಕೊಯಮತ್ತೂರಿಗೆ ಬಂದು, ಲೋಟ ತೊಳೆಯುವುದರಿಂದ ಮೊದಲುಮಾಡಿ ಗಲ್ಲಾಪೆಟ್ಟಿಗೆಯವರೆಗೆ ಏರಿದವರು. ಕೆಲವು ವರ್ಷಗಳ ಹಿಂದೆ ಒಂದು ಮನೆಯ ಸಮಾರಂಭದಲ್ಲಿ, ಊಟವಾದ ಮೇಲೆ, ಆ ತಾಯಿ ಮದುವೆಯಾದ ಮೊದಲ ವರ್ಷದ ಎಳ್ಳಮಾವಾಸ್ಯೆಯನ್ನು ನೆನೆದರು. ಆ ಕಾಲದಲ್ಲಿ ಹೊಸ ದಂಪತಿಗಳು ಜೊತೆಯಾಗಿ ಹೊರಗೆ ಹೋಗಲು ಸಮುದ್ರಸ್ನಾನದಂತಹ ಪುಣ್ಯಕಾರ್ಯದ ನೆವವೇ ಬೇಕಾಗಿತ್ತು. ಅತ್ತೆ ಮುಂದೆ, ಇವರಿಬ್ಬರು ಹಿಂದೆ. ಅಲೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳಿನೊಡನೆ ಸಡಿಲವಾಗಿದ್ದ ಕಾಲುಂಗುರವೂ ಜಾರಿಹೋಯಿತಂತೆ. ಎಲ್ಲರೂ ಮನೆಗೆ ತಿರುಗಿದರೂ ಪತಿ ಮಾತ್ರ ಬಹಳ ಹೊತ್ತು ಮೊಣಕಾಲುದ್ದ ನೀರಿನಲ್ಲಿ ನಿಂತು ಮರಳನ್ನು ಕೈಯಲ್ಲಿ ಬಗೆಯುತ್ತಿದ್ದರು. ಅದು ಸಿಕ್ಕಲಿಲ್ಲ. ಮರುವರ್ಷ ಕೂಡಿಟ್ಟ ಚಿಲ್ಲರೆಯಲ್ಲಿ ಇನ್ನೊಂದು ಜೊತೆ ಮಾಡಿಸಿಕೊಟ್ಟರು. ಮುಂದೆ ಈ ಊರಿನಲ್ಲಿ ನೆಲೆಸಿದ ಮೇಲೂ, ಆಷಾಢದಲ್ಲಿ ಪಾಲಕ್ಕಾಡು ಕಣಿವೆಯ ದಾರಿಯಿಂದ ಪಡುಗಾಳಿ ನುಗ್ಗಿ ಬಂದಾಗ, "ಬಾ, ಕಡಲು ನಮ್ಮನ್ನು ಹುಡುಕಿಕೊಂಡು ಬಂದಿದೆ" ಎಂದು ಮಾಳಿಗೆಗೆ ಕರೆಯುತ್ತಿದ್ದರಂತೆ.

ಇಷ್ಟು ಹೇಳುವಷ್ಟರಲ್ಲಿ ಬಂಧುವೊಬ್ಬರು ತಡೆದರು. "ಅತ್ತೆ, ಸಾಕು ಬಿಡಿ. ಈ ಸ್ಥಿತಿಯಲ್ಲಿ ಅದೆಲ್ಲ ಯಾಕೆ? ಕೇಳಿದವರು ಏನೆಂದಾರು?" ಆ ತಾಯಿ ಸೆರಗು ಸರಿಮಾಡಿಕೊಂಡು ಸುಮ್ಮನಾದರು. ಆ ಎರಡನೆಯ ಕಾಲುಂಗುರವನ್ನು ಪತಿಯ ಉತ್ತರಕ್ರಿಯೆಯ ಹತ್ತನೆಯ ದಿನ ತೆಗೆಸಿದ್ದರು. ಕೊಡಿಸಿದವರು ಗಂಡ, ತೆಗೆಸಿದವರು ಅವರ ನೆಂಟರು. ಉಳಿದಿದ್ದ ಕಥೆಯನ್ನಾದರೂ ಬಿಟ್ಟುಕೊಡಬಾರದಿತ್ತೇ?

ಇಲ್ಲಿ ನಮ್ಮ ಸಾಹಿತ್ಯವನ್ನೂ ಒಂದು ಮಾತು ಕೇಳಬೇಕಾಗಿದೆ. ಕನ್ನಡದ ಕಾದಂಬರಿ ವಿಧವೆಯ ಪರವಾಗಿ ಹೋರಾಡಿಯೇ ಹುಟ್ಟಿತೆಂದರೆ ಅತಿಶಯವಲ್ಲ. 1899ರಲ್ಲಿ ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ'ಯನ್ನು ಬರೆದು ವಿಧವಾವಿವಾಹದ ಪರ ನಿಂತರು. ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲ ಮಗ್ಗುಲ ಮನೆಯನ್ನು ಹೊತ್ತು ನಿಂತ ಸರಸೋತಿ ಇದ್ದಾಳೆ, 1968ರ 'ಮೂಕಜ್ಜಿಯ ಕನಸುಗಳು' ಕೃತಿಯ ಅಜ್ಜಿ ಇದ್ದಾಳೆ, 1976ರಲ್ಲಿ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಬಂದಳು. ಇವರೆಲ್ಲರ ಮುಂದೆ ಕೈಮುಗಿಯುತ್ತೇನೆ. ಆದರೆ ಗಮನಿಸಿ: ಸರಸೋತಿ, ಮೂಕಜ್ಜಿ, ಫಣಿಯಮ್ಮ ಮೂವರೂ ಎಳವೆಯಲ್ಲೇ ವಿಧವೆಯರಾದವರು, ಗಂಡನೊಡನೆ ಬಾಳನ್ನೇ ಕಾಣದವರು. ಅವರ ದುಃಖ ಬಾಳದ ಬಾಳಿನ ದುಃಖ. ನಲವತ್ತು ವರ್ಷ ಜೊತೆಗೆ ಉಂಡು, ಜಗಳವಾಡಿ, ಮಕ್ಕಳನ್ನು ಹೆತ್ತು, ಒಂದು ಮುಂಜಾನೆ ಒಂಟಿಯಾದ ಹೆಂಗಸಿನ ನೆನಪಿನ ಭಂಡಾರಕ್ಕೆ ನಮ್ಮ ಪ್ರಸಿದ್ಧ ಕೃತಿಗಳಲ್ಲಿ ಸಿಕ್ಕಿರುವ ಜಾಗ ಬಹಳ ಕಿರಿದು. ಭೈರಪ್ಪನವರ 'ವಂಶವೃಕ್ಷ'ದ ಕಾತ್ಯಾಯಿನಿಗೆ ಮೊದಲ ದಾಂಪತ್ಯವಿತ್ತು, ನಿಜ. ಆದರೆ ಅಲ್ಲಿ ಪ್ರಶ್ನೆ ಮರುಮದುವೆಯದು, ವಂಶದ್ದು. ಇತ್ತ ದಾಂಪತ್ಯದ ಒಲವನ್ನು 'ಮೈಸೂರು ಮಲ್ಲಿಗೆ'ಯಷ್ಟು ಸೊಗಸಾಗಿ ಹಾಡಿದ ನುಡಿ ನಮ್ಮದು. ಆ ಪುಸ್ತಕದ ಹೆಂಡತಿ ಮುಂದೊಂದು ದಿನ ಒಬ್ಬಳೇ ಕುಳಿತು ಅದೇ ದಿನಗಳನ್ನು ತನ್ನ ಬಾಯಿಂದ ಹೇಳಿದ್ದರೆ ನಾವು ಕೇಳುತ್ತಿದ್ದೆವೇ?

ಸಂಪ್ರದಾಯದ ಹೆಸರು ಹೇಳುವವರಿಗೆ ಸಂಪ್ರದಾಯದಿಂದಲೇ ಉತ್ತರ ಕೊಡುತ್ತೇನೆ. ವಾಲ್ಮೀಕಿಗಳ ಯುದ್ಧಕಾಂಡವನ್ನು ತೆರೆಯಿರಿ. ಕಡಲು ಸುತ್ತುವರಿದ ಲಂಕೆಯಲ್ಲಿ, ಯುದ್ಧಭೂಮಿಯಲ್ಲಿ, ಮಂಡೋದರಿ ಗಂಡನ ಹೆಣದ ಮುಂದೆ ನಿಂತು ಏನು ಹೇಳುತ್ತಾಳೆ? ಅವನ ತಪ್ಪನ್ನು ಎತ್ತಿ ಆಡುತ್ತಾಳೆ. ಹಾಗೆಯೇ ಕೈಲಾಸ, ಮಂದರ, ಮೇರುಗಳಲ್ಲಿ, ಚೈತ್ರರಥದ ಉಪವನದಲ್ಲಿ ಅವನ ಜೊತೆ ವಿಹರಿಸಿದ ದಿನಗಳನ್ನೂ ಎಲ್ಲರೆದುರು ನೆನೆಯುತ್ತಾಳೆ. ಸುತ್ತಲೂ ವಾನರಸೇನೆ, ಎದುರಿಗೆ ಶ್ರೀರಾಮ. "ಈ ಸ್ಥಿತಿಯಲ್ಲಿ ಅದೆಲ್ಲ ಯಾಕೆ" ಎಂದು ಯಾರೂ ಅವಳ ಬಾಯಿ ಮುಚ್ಚಿಸುವುದಿಲ್ಲ. ಕಾಳಿದಾಸನು 'ಕುಮಾರಸಂಭವ'ದ ನಾಲ್ಕನೆಯ ಸರ್ಗವನ್ನೇ ರತಿಯ ವಿಲಾಪಕ್ಕೆ ಬಿಟ್ಟುಕೊಟ್ಟನು. ಗಂಡಹೆಂಡಿರ ಏಕಾಂತದ ಸರಸವನ್ನೂ ಹುಸಿಮುನಿಸನ್ನೂ ಅವಳು ಅಲ್ಲಿ ಮರೆಯಿಲ್ಲದೆ ನೆನೆಯುತ್ತಾಳೆ. ಇತ್ತ ತಮಿಳಿನ ಕಂಬನು ಮಂಡೋದರಿಯನ್ನು ಬದುಕಗೊಡದೆ ಗಂಡನ ಮೈಮೇಲೆಯೇ ಪ್ರಾಣಬಿಡಿಸಿದನು. ಕಂಬನ ಮೇಲೆ ಗೌರವವಿದ್ದರೂ, ಈ ಒಂದು ವಿಷಯದಲ್ಲಿ ನಾನು ವಾಲ್ಮೀಕಿಯ ಪಕ್ಷ. ಗಂಡನೊಡನೆ ಸತ್ತವಳನ್ನು ಪೂಜಿಸುವುದು ಸುಲಭ. ಉಳಿದು ನೆನೆಯುವವಳನ್ನು ಕೇಳಿಸಿಕೊಳ್ಳಲು ವ್ಯವಧಾನ ಬೇಕು.

"ಕಾಲ ಬದಲಾಗಿದೆ, ಈಗ ಯಾರು ತಲೆ ಬೋಳಿಸುತ್ತಾರೆ?" ಎಂದು ಕೆಲವರು ಕೇಳುತ್ತಾರೆ. ಬದಲಾಗಿರುವುದು ನಿಜ, ಆದರೆ ನಿಮ್ಮ ಆಮಂತ್ರಣ ಪತ್ರಿಕೆ ಬದಲಾಗಿಲ್ಲ. "ಹೆಂಗಸರೇ ಒಪ್ಪುವುದಿಲ್ಲ" ಎಂಬುದು ಇನ್ನೊಂದು ಸಮಾಧಾನ. ಒಪ್ಪದಿರುವವರು ಯಾರು? ಕಲಶ ಹಿಡಿಯಲು ಕರೆಸಿಕೊಂಡವರೋ, ಹಿಂದಿನ ಸಾಲಿನಲ್ಲಿ ಕುಳಿತವರೋ? ಎರಡನೆಯವರನ್ನು ಯಾರಾದರೂ ಕೇಳಿದ್ದಾರೆಯೇ? "ಹಳೆಯದನ್ನು ಕೆದಕಿ ನೋಯಿಸಬಾರದು" ಎಂಬ ಕರುಣೆಯ ಮಾತೂ ಇದೆ. ಮಲ್ಪೆಯ ಆ ತಾಯಿ ನಗುತ್ತಲೇ ಹೇಳುತ್ತಿದ್ದರು. ನೋವಾದದ್ದು ತಡೆದಾಗ.

ಬೇರೆಯವರು ಏನು ಮಾಡಿದ್ದಾರೆಂದು ನೋಡೋಣ. ನಮ್ಮ ನೆರೆಯ ಈರೋಡು 1979ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅಲ್ಲಿನ ಕನ್ನಡ ಮಾತಿನ ಮನೆಯಲ್ಲಿ ಹುಟ್ಟಿದ ಪೆರಿಯಾರ್ 1909ರಲ್ಲೇ ತಮ್ಮ ಸೋದರಿಯ ಬಾಲವಿಧವೆ ಮಗಳಿಗೆ ಮರುಮದುವೆ ಮಾಡಿಸಿದರು. ಅವರ ನಾಸ್ತಿಕವಾದ ಒಪ್ಪದವರಿಗೆ ಮಂಗಳೂರಿನ ಕುದ್ರೋಳಿ ಇದೆ: ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಲಾಯಿತು. ದೇವರು ಅವರ ಕೈಯ ಆರತಿಯನ್ನು ಸ್ವೀಕರಿಸುವಾಗ ನಮ್ಮ ಮುಖ್ಯ ಅತಿಥಿಗಳಿಗೆ ಅವರ ಕೈಯ ಕಲಶ ಆಗದೇ? 2022ರ ಮೇ ತಿಂಗಳಲ್ಲಿ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯತಿ ಬಳೆ ಒಡೆಯುವ, ಕುಂಕುಮ ಅಳಿಸುವ ಆಚರಣೆಗಳನ್ನು ನಿಲ್ಲಿಸಲು ನಿರ್ಣಯಿಸಿತು. ಮಹಾರಾಷ್ಟ್ರ ಸರ್ಕಾರ ಇತರ ಪಂಚಾಯತಿಗಳಿಗೂ ಅದನ್ನು ಅನುಸರಿಸಲು ತಿಳಿಸಿತು. ಮರುವರ್ಷ ಆಗಸ್ಟಿನಲ್ಲಿ ಈರೋಡು ಜಿಲ್ಲೆಯ ಒಂದು ದೇವಾಲಯದ ಉತ್ಸವಕ್ಕೆ ವಿಧವೆಯೊಬ್ಬರ ಪ್ರವೇಶವನ್ನು ತಡೆದಾಗ ಮದ್ರಾಸ್ ಉಚ್ಚ ನ್ಯಾಯಾಲಯ ಅದನ್ನು ಖಂಡಿಸಿ ಆಕೆಗೆ ರಕ್ಷಣೆ ನೀಡಿತು. ಹೇರವಾಡದ್ದು ಒಂದು ಹಳ್ಳಿಯ ಪಂಚಾಯತಿ. ಪದವೀಧರರೂ ಉದ್ಯಮಿಗಳೂ ತುಂಬಿರುವ ನಮ್ಮ ಸಂಘಗಳು ಅದಕ್ಕಿಂತ ಹಿಂದುಳಿಯಬೇಕೇ?

ನನ್ನ ಬೇಡಿಕೆ ದೊಡ್ಡದಲ್ಲ. ಆಮಂತ್ರಣದಲ್ಲಿ 'ಸುಮಂಗಲಿಯರಿಂದ' ಎಂಬುದರ ಬದಲು 'ಮಹಿಳೆಯರಿಂದ' ಎಂದಿರಲಿ. ಅಚ್ಚಿನ ಖರ್ಚು ಒಂದು ಕಾಸೂ ಹೆಚ್ಚುವುದಿಲ್ಲ. ಕಲಶ ಹಿಡಿಯುವವರ ಪಟ್ಟಿ ಮಾಡುವಾಗ ಯಾರ ಗಂಡ ಇದ್ದಾರೆ, ಯಾರ ಗಂಡ ಇಲ್ಲ ಎಂದು ವಿಚಾರಿಸುವ ಕೆಲಸವನ್ನು ಮಹಿಳಾ ವಿಭಾಗ ಕೈಬಿಡಲಿ. ಮುಂದಿನ ಸಂಚಿಕೆಯಲ್ಲಿ ಹತ್ತು ಪುಟಗಳನ್ನು ನಮ್ಮ ಬಳಗದ ಇಂತಹ ತಾಯಂದಿರ ದಾಂಪತ್ಯದ ನೆನಪುಗಳಿಗೆ ಮೀಸಲಿಡಲಿ. ಬರೆಯಲು ಬಾರದವರು, ಕನ್ನಡವನ್ನು ಮಾತಾಡುತ್ತಲೇ ತಮಿಳು ಶಾಲೆಯಲ್ಲಿ ಓದಿದವರು, ನಮ್ಮಲ್ಲಿ ಬಹಳ ಮಂದಿ. ಅವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಹೇಳುವಾಗ ಪಕ್ಕದಲ್ಲಿ ಕುಳಿತ ನೆಂಟರು ತಿದ್ದದಿರಲಿ.

ಒಪ್ಪದವರು ತಮ್ಮ ಕಾರಣಗಳನ್ನು ಸರ್ವಸದಸ್ಯರ ಸಭೆಗೆ ಮೊದಲೇ ಬರೆದು ಕಾರ್ಯದರ್ಶಿಗಳಿಗೆ ಕಳುಹಿಸಲಿ. ಅವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು, ಹಿಂದಿನ ಸಾಲಿನವರಿಗೂ ಕೇಳುವಂತೆ.